ಸಭೆಯ ವರದಿ ಬಂತು, ಆಟದ್ದು ಬರಲಿಲ್ಲ

ಹಲವು ವರ್ಷಗಳ ಹಿಂದೆ, ಅಧ್ಯಾಪನದ ಜೊತೆಗೆ ಒಂದು ಕನ್ನಡ ಪತ್ರಿಕೆಗೆ ಊರಿನ ಸುದ್ದಿ ಕಳುಹಿಸುತ್ತಿದ್ದ ದಿನಗಳಲ್ಲಿ, ಕಾಸರಗೋಡಿನ ಕುಂಬಳೆಯ ಸಮೀಪ ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ನಡೆದ ಯಕ್ಷಗಾನ ಬಯಲಾಟವನ್ನು, ವೇಷ ಕಟ್ಟುವ ಚೌಕಿಯ ಪೂಜೆಯಿಂದ ಕೊನೆಯ ಮಂಗಳದವರೆಗೆ ಕುಳಿತು ನೋಡಿ, ಎರಡು ಪುಟ ಬರೆದು ಕಳುಹಿಸಿದ್ದೆ. ಮೂರನೆಯ ದಿನ ಪತ್ರಿಕೆಯಲ್ಲಿ ಬಂದದ್ದು ಎಂಟು ಸಾಲು. ಆಟಕ್ಕೆ ಮೊದಲು ಅರ್ಧ ಗಂಟೆ ನಡೆದ ಸಭೆಯಲ್ಲಿ ಯಾರು ದೀಪ ಬೆಳಗಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಂಬುದೆಲ್ಲ ಅದರಲ್ಲಿತ್ತು. ಕೊನೆಯಲ್ಲಿ ‘ಬಳಿಕ ಯಕ್ಷಗಾನ ಬಯಲಾಟ ಜರಗಿತು’ ಎಂಬ ಒಂದು ವಾಕ್ಯವಿತ್ತು. ಆ ರಾತ್ರಿ ಮದ್ದಳೆಗೆ ಕುಳಿತಿದ್ದ ಹಿರಿಯರೊಬ್ಬರು ವಾರ ಕಳೆದು ಪೇಟೆಯಲ್ಲಿ ಸಿಕ್ಕಾಗ, “ಮಾಷ್ಟ್ರೇ, ಸಭೆ ಆದದ್ದು ಪೇಪರಿನಲ್ಲಿ ಉಂಟು, ನಮ್ಮ ಆಟ ಆದದ್ದು ಇಲ್ಲವಲ್ಲ” ಎಂದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಹೀಗೆಯೇ ಆಗುವುದೆಂದು ಮೊದಲೇ ತಿಳಿದವರ ಸಮಾಧಾನವಿತ್ತು. ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಕಾಸರಗೋಡಿನ ಕನ್ನಡಿಗರ ಕಿವಿಗೆ ‘ಮಾಧ್ಯಮ’ ಎಂಬ ಶಬ್ದ ಬಿದ್ದರೆ ಮೊದಲು ನೆನಪಾಗುವುದು ಕನ್ನಡ ಮಾಧ್ಯಮದ ಶಾಲೆ, ಪತ್ರಿಕೆ, ಟಿ.ವಿ.ಗಳು ಆಮೇಲೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಆ ಎರಡೂ ಅರ್ಥಗಳು ಒಂದಕ್ಕೊಂದು ಹೆಣೆದುಕೊಂಡೇ ನಡೆದು ಬಂದಿವೆ. ಆ ಶಾಲೆಗಳಲ್ಲಿ ಓದಿದವರೇ ಕನ್ನಡ ಪತ್ರಿಕೆಗೆ ಓದುಗರಾದರು, ತಾಳಮದ್ದಳೆಗೆ ಕೇಳುಗರಾದರು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿದಂತೆಲ್ಲ ಕಲೆಯ ಬಗ್ಗೆ ಬರೆದದ್ದನ್ನು ಓದಬಲ್ಲವರೂ ಕಡಿಮೆಯಾಗುತ್ತಾರೆ, ಬರೆಯಬಲ್ಲವರು ಅದಕ್ಕಿಂತಲೂ ಬೇಗ ಕಡಿಮೆಯಾಗುತ್ತಾರೆ. ಆದ್ದರಿಂದ ಯಕ್ಷಗಾನಕ್ಕೂ ಮಾಧ್ಯಮಕ್ಕೂ ಇರುವ ಸಂಬಂಧದ ಮಾತು ಮಂಗಳೂರಿನವರಿಗಿಂತ ನಮಗೆ ಹೆಚ್ಚು ಹತ್ತಿರದ್ದು.

ಈ ವಿಷಯದಲ್ಲಿ ನಾನು ರೇಡಿಯೊಗೆ ಬಹಳ ಋಣಿ. 1976ರಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಆರಂಭವಾದಾಗ ಕರ್ನಾಟಕ–ಕೇರಳದ ನಡುವಿನ ತಲಪಾಡಿಯ ಗಡಿ ಧ್ವನಿಗೆ ಅಡ್ಡ ಬರಲಿಲ್ಲ. ವೇಷವಿಲ್ಲದೆ ಪದ್ಯ ಮತ್ತು ಅದನ್ನು ಮಾತಿನಲ್ಲಿ ಬೆಳೆಸುವ ಅರ್ಥಗಳಲ್ಲೇ ನಿಲ್ಲುವ ತಾಳಮದ್ದಳೆಗೆ ಕಿವಿಯೊಂದೇ ಇರುವ ಮಾಧ್ಯಮ ಚೆನ್ನಾಗಿ ಒಗ್ಗಿತು. ರಾತ್ರಿಯಿಡೀ ಬೆಳೆಯುವ ಪ್ರಸಂಗವನ್ನು ಸ್ಟುಡಿಯೊದ ಗಡಿಯಾರಕ್ಕೆ ಹೊಂದಿಸಬೇಕಾದುದರಿಂದ ಅರ್ಥದಾರಿಗಳ ಮಾತು ಮೊಟಕಾದದ್ದು ನಿಜ. ಆದರೂ ನಿಲಯದವರು ಒಂದು ಮರ್ಯಾದೆಯನ್ನು ತಪ್ಪದೆ ಪಾಲಿಸಿದರು. ಪದ್ಯ ಹಾಡುವ ಭಾಗವತರು ಯಾರು, ಮದ್ದಳೆ ಯಾರು, ಚೆಂಡೆ ಯಾರು ಎಂದು ಹೆಸರು ಹಿಡಿದು ಓದುತ್ತಿದ್ದರು. ನನ್ನ ವರದಿಯ ಎಂಟು ಸಾಲಿನಲ್ಲಿ ಜಾಗ ಸಿಗದ ಹೆಸರುಗಳು ರೇಡಿಯೊದಲ್ಲಿ ಮನೆಮನೆಗೆ ಕೇಳುತ್ತಿದ್ದವು.

ಅನಂತರ ಬಂದದ್ದು ಕ್ಯಾಸೆಟ್ಟಿನ ಕಾಲ. ನಮ್ಮ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ನಾನು ಮೊದಲು ಮನಸ್ಸಿಟ್ಟು ಕೇಳಿದ್ದು ತಂದೆಯವರ ಟೇಪ್‌ರೆಕಾರ್ಡರಿನಲ್ಲಿ. 60 ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಯಲ್ಲಿ 30 ನಿಮಿಷ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಿರುವಾಗಲೇ ಟಕ್ಕೆಂದು ಗುಂಡಿ ಮೇಲೆದ್ದು ಯಂತ್ರ ನಿಲ್ಲುತ್ತಿತ್ತು. ತಂದೆಯವರು ಎದ್ದು ಬಂದು ಅದನ್ನು ಮಗುಚಿ ಹಾಕುವವರೆಗೆ, ರಾಮನು ಇದಕ್ಕೆ ಏನು ಹೇಳಿಯಾನು ಎಂದು ನಾವು ಮಕ್ಕಳು ಯೋಚಿಸುತ್ತ ಕೂರುತ್ತಿದ್ದೆವು. ಆ ಯೋಚನೆಗೆ ಸಿಕ್ಕ ಬಿಡುವು ನನ್ನ ಪಾಲಿಗೆ ಅರ್ಥಗಾರಿಕೆಯ ಮೊದಲ ಪಾಠವಾಯಿತು.

ಕ್ಯಾಮೆರಾದ ಪ್ರಭಾವ ಇವೆರಡಕ್ಕಿಂತ ಆಳವಾದದ್ದು, ಏಕೆಂದರೆ ಅದು ರಂಗಸ್ಥಳದ ಎದುರಿಗೇ ಬಂದು ನಿಂತಿದೆ. ನಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಸಾಲು ಸಾಲಾಗಿ ಇಡುತ್ತ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಾರೆ. ರಂಗಕ್ಕೆ ಬಂದ ಮೇಲೂ ಅವರು ಒಮ್ಮೆಲೇ ಕಾಣಿಸಿಕೊಳ್ಳುವುದಿಲ್ಲ. ತೆರೆಯ ಹಿಂದಿನಿಂದ ಮೊದಲು ಕಿರೀಟದ ತುದಿ, ಕೆಳಗೆ ಹೆಜ್ಜೆಯ ಸದ್ದು, ಆಮೇಲೆ ಕಣ್ಣು, ಹೀಗೆ ತುಣುಕು ತುಣುಕಾಗಿ ರಾಕ್ಷಸನು ಮೂಡುತ್ತಾನೆ. ಚೆಂಡೆಯ ಪೆಟ್ಟು ಏರುತ್ತ ಹೋದಂತೆ ನೋಡುವವನ ಭಯವೂ ಏರುತ್ತದೆ. ದೊಂದಿಯ ಪಂಜಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಎದ್ದು ಅಡಗುವ ಬೆಳಕಿಗಾಗಿಯೇ ಆ ಬಣ್ಣಗಾರಿಕೆ ರೂಪುಗೊಂಡಿದೆ. ವಿಡಿಯೊಗಾಗಿ ನಾಲ್ಕು ಕಡೆ ಎಲ್‌ಇಡಿ ದೀಪ ಕಟ್ಟಿದರೆ ಕತ್ತಲೆಯೊಂದಿಗೆ ಆ ಭಯವೂ ಹೋಗುತ್ತದೆ, ಮುಖದ ಮೇಲಿನ ಚುಟ್ಟಿ ಬರಿಯ ಹಿಟ್ಟಿನಂತೆ ಕಾಣುತ್ತದೆ. ದೇವಿಮಹಾತ್ಮೆಯ ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ ದೊಂದಿಗಳ ನಡುವೆ ಆರ್ಭಟಿಸುತ್ತ ಬರುವಾಗ ಈಗ ನೂರಾರು ಫೋನುಗಳು ಮೇಲೇಳುತ್ತವೆ. ಕಳೆದ ಸಲ ನನ್ನ ಮುಂದೆ ಚಾಪೆ ಹಾಸಿ ಕುಳಿತಿದ್ದ ಅಜ್ಜಿಯೊಬ್ಬರು ಮೊಮ್ಮಗುವನ್ನು ಎತ್ತಿ ಹಿಡಿದು ತೋರಿಸಲು ಹವಣಿಸಿ, ಎದುರಿನ ಕೈಗಳ ನಡುವೆ ಎಡೆ ಸಿಗದೆ ಕುಳಿತುಬಿಟ್ಟರು.

ಆದರೂ ಕ್ಯಾಮೆರಾದವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಅವರಲ್ಲಿ ಹಲವರು ಕೈಯಿಂದಲೇ ಖರ್ಚು ಮಾಡಿ ನಿದ್ದೆಗೆಟ್ಟು ಚಿತ್ರೀಕರಿಸುತ್ತಾರೆ. ದುಬೈಯಲ್ಲಿರುವ ನನ್ನ ಅಣ್ಣನ ಮಗ ತನ್ನ ಮನೆಯ ಹರಕೆಯಾಟವನ್ನು ಕೆಲಸ ಮುಗಿಸಿ ಬಂದು ನೇರಪ್ರಸಾರದಲ್ಲಿ ಕೈಮುಗಿದು ನೋಡಿದ್ದಾನೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿ, ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆಗೆ ಎಷ್ಟೋ ಮೊದಲೇ ಗೆಜ್ಜೆ ಬಿಚ್ಚಿದಾಗ ತಾಳಮದ್ದಳೆ ಬದುಕಿಕೊಂಡದ್ದು ಫೋನಿನ ಪರದೆಯಲ್ಲಿ. ನನ್ನ ಕಳವಳ ಇರುವುದು ತುಣುಕುಗಳ ಬಗ್ಗೆ. ಅರ್ಧ ನಿಮಿಷದ ರೀಲಿಗೆ ಸುತ್ತುತ್ತ ಹಾರುವ ಧೀಂಗಿಣ ಸಾಕಾಗುತ್ತದೆ, ಭಾಗವತರ ಆಲಾಪನೆಯ ಒಂದು ಎಳೆ ಸಾಕಾಗುತ್ತದೆ. ಸಂಭಾಷಣೆಗೆ ಅಲ್ಲಿ ಜಾಗವಿಲ್ಲ. ಯಾವುದು ಹೆಚ್ಚು ಹಂಚಿಕೆಯಾಗುತ್ತದೆಯೋ ಅದನ್ನೇ ಮರುದಿನದ ಆಟದಲ್ಲಿ ಜನ ಕೇಳುತ್ತಾರೆ, ಎಳೆಯ ವೇಷಧಾರಿ ಅದನ್ನೇ ಕೊಡುತ್ತಾನೆ. ನಮ್ಮ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ತೀರಿಕೊಂಡ ದಿನ ನನ್ನ ಫೋನಿಗೆ ಅವರ ಪದ್ಯಗಳ ಅರ್ಧ ನಿಮಿಷದ ತುಣುಕುಗಳು ಒಂದರ ಹಿಂದೆ ಒಂದು ಬಂದವು. ಐದು ದಿನ ಆಡುವಷ್ಟು ದೀರ್ಘವಾದ ದೇವಿಮಹಾತ್ಮೆಯನ್ನು ರಚಿಸಿದವರು ಅವರು. ಆ ಕೃತಿಯಲ್ಲಿ ಅವರು ಕತೆಯನ್ನು ಹೇಗೆ ನಡೆಸಿದ್ದಾರೆ ಎಂದು ನಾಲ್ಕು ಮಾತು ಬರೆದವರು ಆ ದಿನ ನನಗೆ ಬಂದ ಸಂದೇಶಗಳಲ್ಲಿ ಒಬ್ಬರೂ ಇರಲಿಲ್ಲ.

ಮಲಯಾಳದ ಮಾಧ್ಯಮಗಳಿಗೆ ನಾವು ಕಾಣಿಸುವುದು ವರ್ಷಕ್ಕೊಮ್ಮೆ, ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವ ಕೇರಳ ಶಾಲಾ ಕಲೋತ್ಸವದಲ್ಲಿ. 2019ರಲ್ಲಿ ಕಲೋತ್ಸವ ಕಾಞಂಗಾಡಿಗೆ ಬಂದಾಗ ಮಕ್ಕಳೊಂದಿಗೆ ನಾನೂ ಹೋಗಿದ್ದೆ. ಮೈಕು ಹಿಡಿದ ವರದಿಗಾರರೊಬ್ಬರು ಕಿರೀಟ ಕಟ್ಟಿದ್ದ ಹುಡುಗನೊಬ್ಬನಲ್ಲಿ, ಇದು ಕರ್ನಾಟಕದ ಕಲೆಯಲ್ಲವೇ, ನಿಮಗೆ ಹೇಗೆ ಬಂತು ಎಂದು ಕೇಳಿದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಹುಡುಗ ಒಳ್ಳೆಯ ಮಲಯಾಳದಲ್ಲಿ “ಇದು ನಮ್ಮ ಊರಿನದ್ದು” ಎಂದಷ್ಟೇ ಹೇಳಿದ.

ಇಷ್ಟೆಲ್ಲ ನೋಡಿದ ಮೇಲೆ, ನಮ್ಮ ಕಲೆಗೆ ಪ್ರಚಾರದ ಕೊರತೆಗಿಂತ ವಿಮರ್ಶೆಯ ಕೊರತೆ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಚೌಕಿಯಿಂದ ಮಂಗಳದವರೆಗೆ ಕುಳಿತು, ಯಾವ ಪದ್ಯಕ್ಕೆ ಯಾವ ಅರ್ಥ ಬಂತು, ಎಲ್ಲಿ ಹಾಡು–ವಾದ್ಯದ ಹಿಮ್ಮೇಳ ವೇಷ–ಮಾತಿನ ಮುಮ್ಮೇಳವನ್ನು ಎತ್ತಿ ಹಿಡಿಯಿತು, ಎಲ್ಲಿ ಪಾತ್ರ ಜಾರಿತು ಎಂದು ಹೆಸರು ಹೇಳಿ, ಕಲಾವಿದನಿಗೆ ನೋವಾದರೂ ಅವಮಾನವಾಗದಂತೆ ಬರೆಯುವವರು ಬೇಕು. ಹೊಗಳಿಕೆ ಮಾತ್ರ ಕೇಳಿದ ಕಲಾವಿದನಿಗೆ ತನ್ನನ್ನು ಯಾರಾದರೂ ನಿಜವಾಗಿ ನೋಡಿದರೋ ಇಲ್ಲವೋ ಎಂದು ತಿಳಿಯುವುದೇ ಇಲ್ಲ.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಹತ್ತಿರದ ಭಜನಾ ಮಂದಿರದ ತಾಳಮದ್ದಳೆಗೆ ಕರೆದುಕೊಂಡು ಹೋಗಿ, ಫೋನು ಮುಟ್ಟದೆ ಕೇಳಿ, ಮರುದಿನ ಒಂದು ಪುಟ ಬರೆದು ತನ್ನಿ ಎಂದಿದ್ದೆ. ಹೆಚ್ಚಿನವರು ಕತೆಯನ್ನೇ ಬರೆದು ತಂದರು. ಒಬ್ಬಳು ಮಾತ್ರ, ಹಂಚಿನ ಮೇಲೆ ಮಳೆ ಜೋರಾಗಿ ಸುರಿದು ಅರ್ಥ ಕೇಳಿಸದೆ ಹೋದಾಗ ಭಾಗವತರು ಮುಂದಿನ ಪದ್ಯ ಎತ್ತದೆ, ಮಳೆ ತಗ್ಗುವವರೆಗೆ ಮದ್ದಳೆಯವರಿಗೆ ಬಾರಿಸಲು ಬಿಟ್ಟರೆಂದೂ, ಅಷ್ಟು ಹೊತ್ತು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರೆಂದೂ ಬರೆದಿದ್ದಳು. ಮದ್ದಳೆಯವರ ಹೆಸರನ್ನು ಅವರಲ್ಲಿಯೇ ಕೇಳಿ, ಊರಿನ ಹೆಸರು ಸಮೇತ ಬರೆದಿದ್ದಳು. ಆ ಪುಟವನ್ನು ಶಾಲೆಯ ಭಿತ್ತಿಪತ್ರಿಕೆಯಲ್ಲಿ ಒಂದಕ್ಷರವನ್ನೂ ತಿದ್ದದೆ ಅಂಟಿಸಿದ್ದೇನೆ.