ಚೀಟಿಯಿಲ್ಲದ ಹತ್ತು ಸಾವಿರ ಗೊಂಬೆಗಳು

ಹಳೆಯ ಜನಪದ ಕಲೆ ಕೊಳ್ಳುವವರು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸಾಂತಾ ಫೆಗೆ ಹೋಗುವುದು ಅಂಗಡಿಗಳಿಗಾಗಿ. ಆದರೆ ಕೈಚೀಲ ಬಿಚ್ಚುವ ಮೊದಲು ಒಂದು ಇಡೀ ದಿನವನ್ನು ಮ್ಯೂಸಿಯಂ ಹಿಲ್‌ನ ಅಂತರರಾಷ್ಟ್ರೀಯ ಜನಪದ ಕಲಾ ಸಂಗ್ರಹಾಲಯಕ್ಕೆ ಕೊಡಬೇಕು. ಅಲೆಕ್ಸಾಂಡರ್ ಗಿರಾರ್ಡ್ ಎಂಬ ವಿನ್ಯಾಸಕಾರ ಮತ್ತು ಅವರ ಪತ್ನಿ ಸೂಸನ್ ನೂರಕ್ಕೂ ಹೆಚ್ಚು ದೇಶಗಳಿಂದ ಕೂಡಿಹಾಕಿದ ಸುಮಾರು 1,06,000 ವಸ್ತುಗಳನ್ನು 1978ರಲ್ಲಿ ಇದಕ್ಕೆ ಕೊಟ್ಟುಬಿಟ್ಟರು. 1982ರಲ್ಲಿ ತೆರೆದ ಗಿರಾರ್ಡ್ ವಿಭಾಗದಲ್ಲಿ ಹತ್ತಿರಹತ್ತಿರ 10,000 ಕಾಣಸಿಗುತ್ತವೆ. ಒಂದಕ್ಕೂ ಪಕ್ಕದಲ್ಲಿ ಚೀಟಿಯಿಲ್ಲ!

ದಸರಾ ಗೊಂಬೆ ಕೂರಿಸಿದಂತೆ ಊರಿಗೆ ಊರೇ ಜೋಡಿಸಿಟ್ಟಿದ್ದಾರೆ: ಸಂತೆ, ಮೆರವಣಿಗೆ, ಚರ್ಚು, ಸ್ವರ್ಗ, ನರಕ. ಎಲ್ಲಿಯದು, ಯಾವಾಗಿನದು ಎಂದು ತಿಳಿಯಬೇಕಾದರೆ ಕೈಪಿಡಿ ತೆಗೆದು ಸಂಖ್ಯೆ ಹುಡುಕಬೇಕು. ಮೊದಲ ಅರ್ಧ ಗಂಟೆ ಇದು ಕಿರಿಕಿರಿ. ಆಮೇಲೆ ಕಣ್ಣು ತಾನೇ ಕೆಲಸ ಶುರುಮಾಡುತ್ತದೆ: ಈ ಎತ್ತಿನ ಕೊಂಬು ಬೇರೆ ಮಾಡಿ ಅಂಟಿಸಿದ್ದು, ಆ ಕುದುರೆಯ ಬಣ್ಣ ಕೈ ಹಿಡಿಯುವ ಕಡೆಯೇ ಸವೆದಿದೆ. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಅಂಗಡಿಯ ಚೀಟಿ ಏನು ಬೇಕಾದರೂ ಹೇಳಬಹುದು. ವಸ್ತುವನ್ನೇ ಓದಲು ಬರಬೇಕು.

ಮರುದಿನ ಆ ಓದು ಮುಂದುವರಿದದ್ದು ಕ್ಯಾನ್ಯನ್ ರೋಡ್ ಬಳಿಯ ಒಂದು ಕಿರಿದಾದ ಅಂಗಡಿಯಲ್ಲಿ. ಎದುರಿಗಿದ್ದವು ಎರಡು ಮೆಕ್ಸಿಕನ್ ರೆತಾಬ್ಲೊಗಳು, ಅಂದರೆ ತಗಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಸಂತರ ಚಿತ್ರಗಳು. ಎರಡೂ 10 ಇಂಚು ಅಗಲ, 14 ಇಂಚು ಎತ್ತರ.

‘ಮುಖ ಆಮೇಲೆ ನೋಡಿ, ಬೆನ್ನು ತಿರುಗಿಸಿ’ ಎಂದರು ಅಂಗಡಿಯ ಹಿರಿಯರು.

ಒಂದರ ಬೆನ್ನು ಕಪ್ಪುಗಂದು, ತುಕ್ಕು ಒಂದೊಂದು ಕಡೆ ಒಂದೊಂದು ಥರ. ಇನ್ನೊಂದರದು ಎಲ್ಲೆಡೆ ಒಂದೇ ಕಿತ್ತಳೆ. ಬೆರಳಿಟ್ಟರೆ ಪುಡಿ ಅಂಟಿತು. ಆಸಿಡ್ ಹಚ್ಚಿದ ತುಕ್ಕು ಅದು.

‘ಹಾಗಾದರೆ ಕಪ್ಪು ಬೆನ್ನಿನದು ಹಳೆಯದೇ?’

‘ತಗಡು ಹಳೆಯದು. ಚಿತ್ರ?’

ಭೂತಗನ್ನಡಿ ಕೈಗಿಟ್ಟರು. ತುಕ್ಕು ಅಡಿಯಿಂದ ಉಬ್ಬಿ ಬಣ್ಣವನ್ನು ಒಡೆದಿದ್ದರೆ ಚಿತ್ರವೂ ಹಳೆಯದು. ತುಕ್ಕಿನ ಗುಳಿಯೊಳಗೇ ಬಣ್ಣ ಇಳಿದು ಕೂತಿದ್ದರೆ ಹಳೆಯ ತಗಡಿಗೆ ಹೊಸ ಚಿತ್ರ. ಇಲ್ಲಿ ಬಣ್ಣ ಗುಳಿಯೊಳಗೇ ಇತ್ತು. ಎರಡೂ ಹೊಸವು. ಕಲಿಸಲೆಂದೇ ಇಟ್ಟುಕೊಂಡಿದ್ದಾರಂತೆ, ಮಾರುವುದಿಲ್ಲ.

ಮರದ ವಿಷಯಕ್ಕೆ ಬಂದರೆ ಹುಳದ ತೂತಿಗೆ ತೆಳು ತಂತಿ ತೂರಿಸಿ ನೋಡಬೇಕು. ಹುಳ ಕೊರೆದದ್ದು ಒಳಗೆ ತಿರುಗುತ್ತದೆ, ಡ್ರಿಲ್ ಮಾಡಿದ್ದು ನೆಟ್ಟಗೆ ಹೋಗುತ್ತದೆ. ಹುಳದ ಸುರಂಗ ಕೆತ್ತನೆಯ ಮೇಲ್ಮೈಯಲ್ಲೇ ಉದ್ದಕ್ಕೆ ತೆರೆದುಕೊಂಡಿದ್ದರೆ ಹುಳ ತಿಂದ ಮರವನ್ನು ಆಮೇಲೆ ಕೆತ್ತಿದ್ದಾರೆಂದು ಅನುಮಾನ ಪಡಬೇಕು. ಚರಕಿಯಲ್ಲಿ, ಅಂದರೆ ಲೇತ್‌ನಲ್ಲಿ, ಕಡೆದ ಮರದ ಬಟ್ಟಲಿನ ವ್ಯಾಸವನ್ನು ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಬೇಕು. ಮರ ಎಳೆಗೆ ಅಡ್ಡಲಾಗಿಯೇ ಹೆಚ್ಚು ಕುಗ್ಗುವುದರಿಂದ ಹಳೆಯ ಬಟ್ಟಲು ಸಾಮಾನ್ಯವಾಗಿ ಕೊಂಚ ಅಂಡಾಕಾರಕ್ಕೆ ತಿರುಗಿರುತ್ತದೆ.

ಉಳಿದ ದಿನಗಳು ಅಂಗಡಿ ಸುತ್ತುವುದರಲ್ಲೇ ಕಳೆದವು. ಟರ್ಕಾಯ್ಸ್ ಎಂಬ ನೀಲಿಹಸಿರು ಕಲ್ಲಿನ ಆಭರಣಗಳ ಸಾಲು ಕಣ್ಣಿಗೆ ಬೇಸರ. ಗರಿ ಇರುವ ವಸ್ತುಗಳಿಂದ ದೂರವಿರುವುದೇ ಕ್ಷೇಮ: ವಲಸೆ ಹಕ್ಕಿಗಳ ಗರಿ ಮಾರುವುದನ್ನು 1918ರ ಅಮೆರಿಕನ್ ಕಾಯ್ದೆ ತಡೆಯುತ್ತದೆ, ಹಳೆಯದೆಂಬ ವಿನಾಯಿತಿ ಇಲ್ಲ.

ಕೊನೆಗೆ ಕೊಂಡದ್ದು ಒಂದು ಅಡಿ ಎತ್ತರದ ಬುಲ್ತೊ, ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತಿದ ಸಂತನ ಮೂರ್ತಿ. ಇದರ ಮರದ ಮೇಲೆ ಯೆಸೊ ಇರುತ್ತದೆ: ಜಿಪ್ಸಮ್ ಪುಡಿಗೆ ಪ್ರಾಣಿಜನ್ಯ ಅಂಟು ಬೆರೆಸಿದ ಬಿಳಿ ಲೇಪ. ಅದರ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳಿನ ಜೊತೆ ಕಣ್ಣು, ಮೂಗೂ ಬಂದುಬಿಡುತ್ತವೆ. ಒಣಗಿದ ಮೃದು ಕುಂಚವಷ್ಟೇ ಸಾಕು.

ಇಷ್ಟೆಲ್ಲ ಗೊತ್ತಿದ್ದೂ ಪ್ಯಾಕಿಂಗ್ ಕೆಲಸವನ್ನು ಸಾಗಣೆಯವರಿಗೇ ಬಿಟ್ಟದ್ದು ಈಗಲೂ ಚುಚ್ಚುತ್ತದೆ. ಅವರು ಬಬಲ್ ರ‍್ಯಾಪನ್ನು ಗುಳ್ಳೆ ಒಳಮುಖವಾಗಿ ನೇರ ಬಣ್ಣಕ್ಕೇ ಸುತ್ತಿದ್ದರು. ದಾರಿಯ ಬಿಸಿಗೆ ಬಣ್ಣದ ಮೇಲೆ ಹಚ್ಚಿದ್ದ ರಾಳ ಮೆತ್ತಗಾಗಿ ಬೆನ್ನ ತುಂಬ ದುಂಡು ಗುರುತುಗಳು ಬಿದ್ದವು, ಅವು ಹೋಗುವುದಿಲ್ಲ. ಮೊದಲು ಆಮ್ಲರಹಿತ ಟಿಶ್ಯೂ ಕಾಗದ, ಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್, ಆಮೇಲೆ ಪಾಲಿಥೀನ್ ಚೀಲದ ಬಾಯಿ ಮುಚ್ಚಿ, ಕಡೆಗೆ ಎರಡು ಪೆಟ್ಟಿಗೆ, ನಡುವೆ ಎರಡು ಇಂಚು ಮೆತ್ತೆ: ಎದುರು ನಿಂತು ಹೀಗೆ ಮಾಡಿಸಬೇಕು. ಮರದ ಪೆಟ್ಟಿಗೆಯಾದರೆ ಮರದ ಹುಳ ದೇಶ ದಾಟದಂತೆ ಮಾಡುವ ಶಾಖೋಪಚಾರದ ಅಂತರರಾಷ್ಟ್ರೀಯ ಗುರುತು, ಐಎಸ್‌ಪಿಎಂ 15 ಮುದ್ರೆ, ಇದೆಯೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬಂದರಿನಲ್ಲೇ ತಡೆಯಬಹುದು.

ತಲುಪಿದ ಮೇಲೂ ಆತುರ ಬೇಡ. ಸಾಂತಾ ಫೆಯ 7,000 ಅಡಿ ಎತ್ತರದ ಒಣಹವೆಯಿಂದ ನಮ್ಮ ಮಳೆಗಾಲದ ತೇವಕ್ಕೆ ಬಂದ ಮರ ಉಬ್ಬುತ್ತದೆ, ಯೆಸೊ ಉಬ್ಬುವುದಿಲ್ಲ. ಬಣ್ಣ ಚಕ್ಕೆಚಕ್ಕೆಯಾಗಿ ಏಳುವುದು ಅಲ್ಲಿಂದಲೇ. ಪೆಟ್ಟಿಗೆ ತೆರೆದರೂ ಚೀಲದ ಬಾಯಿ ಬಿಚ್ಚದೆ ಒಂದು ವಾರ, ಆಮೇಲೆ ಬೆರಳಗಲ ತೆರೆದು ಇನ್ನೆರಡು ವಾರ, ಕಿಟಕಿಯಿಂದ ದೂರದ ಒಳಗೋಡೆಯ ಹತ್ತಿರ ಇಡಬೇಕು.