"ಮಕ್ಕಳನ್ನು ಹೇಗೆ ಒಪ್ಪಿಸಿದ್ರಿ ಮೇಡಂ?" ಅಂತ ಕೇಳುವವರಿಗೆ

ಮದುವೆ ಊಟದ ಪಂಕ್ತಿಯಲ್ಲಿ ಕೇಳ್ತಾರೆ, ಬಸ್ಸಲ್ಲಿ ಪಕ್ಕ ಕೂತವರು ಕೇಳ್ತಾರೆ. ನಾನು ಉಡುಪಿ ಹತ್ತಿರದ ಒಂದು ಕಾಲೇಜಲ್ಲಿ ಬಯಾಲಜಿ ಹೇಳಿಕೊಡುವವಳು, ನಮ್ಮಲ್ಲಿ ಹೈಸ್ಕೂಲು ಪಿಯುಸಿ ಎರಡೂ ಒಂದೇ ಕಂಪೌಂಡಲ್ಲಿ. 2022 ಜನವರಿ 3ರಿಂದ 15ರಿಂದ 18 ವರ್ಷದವರಿಗೆ ಕೋವಿಡ್ ಲಸಿಕೆ ಅಂತ ಆದಾಗ ಲಿಸ್ಟ್ ಮಾಡಿದ್ದು, ಅಪ್ಪ ಅಮ್ಮನ ಸಹಿ ತರಿಸಿದ್ದು, ಲೈನ್ ನಿಲ್ಲಿಸಿದ್ದು ಎಲ್ಲ ನಾನೇ. ಅದು ಗೊತ್ತಿದ್ದವರೆಲ್ಲ ಕೇಳುವುದು ಒಂದೇ, "ಈಗಿನ ಮಕ್ಕಳು ಹೇಳಿದ ಮಾತು ಕೇಳುದಿಲ್ಲ, ನೀವು ಎಂತ ಹೇಳಿ ಒಪ್ಪಿಸಿದ್ರಿ?"

ಒಪ್ಪಿಸಿದ್ದು ಅಂತ ಯಾಕೆ ಹೇಳ್ತೀರಿ ಮಾರ್ರೆ? ಬಿಸ್ಕೆಟ್ ತೋರಿಸಿ ನಾಯಿಮರಿಯನ್ನು ಗೂಡಿಗೆ ಹಾಕಿದ ಹಾಗಾ? ಆ ಮಕ್ಕಳು 2021ರ ಎಪ್ರಿಲ್ ಮೇ ನೋಡಿದವರು. ಆಕ್ಸಿಜನ್ ಬೆಡ್ ಉಂಟಾ ಅಂತ ಅಪ್ಪ ಫೋನ್ ಮಾಡುವುದನ್ನು ಪಕ್ಕದ ಕೋಣೆಯಿಂದ ಕೇಳಿದವರು, ಅಜ್ಜನನ್ನು ಕಡೆಗೆ ಒಂದು ಸಲ ನೋಡ್ಲಿಕ್ಕೂ ಸಿಗದೆ ಇದ್ದವರೂ ಇದ್ದರು. ಸಹಿ ಹಾಕ್ಲಿಕ್ಕೆ ಹಿಂದೆ ಮುಂದೆ ನೋಡಿದ್ದು ದೊಡ್ಡವರು. ನನ್ನ ಲಿಸ್ಟಲ್ಲಿ ಸಹಿ ಇಲ್ಲದೆ ಉಳಿದ ಹೆಸರುಗಳಿಗೆ ಫೋನ್ ಮಾಡಿದ್ರೆ ಹೆಚ್ಚಿನವರು ಹೇಳಿದ್ದು ವಾಟ್ಸಾಪಲ್ಲಿ ಬಂದದ್ದನ್ನು, ಮಕ್ಕಳು ಹೇಳಿದ್ದನ್ನಲ್ಲ.

ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗ ಅಂತೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಲೈನಲ್ಲಿ ನಿಂತಿದ್ದ, ನೋಡಿದ್ರೆ ಹುಟ್ಟಿದ್ದು 2008 ಜನವರಿಯಲ್ಲಿ, ಆಗ 2007 ಅಥವಾ ಅದಕ್ಕಿಂತ ಮೊದಲು ಹುಟ್ಟಿದವರಿಗೆ ಮಾತ್ರ. "ಮಿಸ್, ಕೆಲವೇ ದಿನದ ವ್ಯತ್ಯಾಸ ಅಲ್ವಾ" ಅಂತ ಹೇಳಿ ಅವನು ಗೋಡೆ ಕಡೆ ಮುಖ ಮಾಡಿ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಸಣ್ಣವರಿಗೆ ಕಾರ್ಬಿವ್ಯಾಕ್ಸ್ ಅನ್ನುವ ಲಸಿಕೆ ಶುರುವಾದ್ದು ಮಾರ್ಚ್ 16ಕ್ಕೆ, ಅಲ್ಲಿವರೆಗೆ ಕಾದ.

ಹಾಗಾದ್ರೆ ಹೆದರಿಕೆ ಇರ್ಲಿಲ್ವಾ? ಇತ್ತು. ಸೂಜಿದು. ಮತ್ತೆ ಕೇಳ್ಲಿಕ್ಕೆ ಆಗದೆ ಉಳಿದದ್ದರದ್ದು.

ಅದನ್ನು ನಾನು ಕಲಿತದ್ದು ಮೊದಲನೇ ದಿನವೇ. ಫಸ್ಟ್ ಪಿಯುಸಿಯ ಒಬ್ಬಳು ಲೈನಲ್ಲಿ ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ, "ಮಿಸ್, ನಂಗೆ ಇವತ್ತು ಡೇಟ್, ಹಾಕ್ಸಬಹುದಾ?" ಅಂತ ಕೇಳಿದಳು. ಪೀರಿಯಡ್ಸಿಗೆ ಐದು ದಿನ ಮೊದಲು, ಐದು ದಿನ ಆದ ಮೇಲೆ ಲಸಿಕೆ ಹಾಕಿಸ್ಬಾರ್ದು ಅಂತ ಒಂದು ಮೆಸೇಜು 2021ರಲ್ಲಿ ಊರೆಲ್ಲ ತಿರುಗಿತ್ತು, ಸರಕಾರದವರೇ ಸುಳ್ಳು ಅಂತ ಹೇಳಿದ್ರು, ಆದ್ರೆ ಮೆಸೇಜು ಮನೆಯೊಳಗೆ ಹೊಕ್ಕಾಗಿತ್ತು. ಪಕ್ಕದಲ್ಲಿ ಇಬ್ಬರು ಸರ್ ನಿಂತಿದ್ರು. "ಆಮೇಲೆ ಹೇಳ್ತೇನೆ, ಮುಂದೆ ಹೋಗು" ಅಂದೆ. ಎರಡೇ ಎರಡು ಮಾತು, "ಏನೂ ಆಗುದಿಲ್ಲ, ಹಾಕಿಸ್ಕೋ" ಅಂತ ಹೇಳ್ಲಿಕ್ಕೆ ನನಗೆ ಆಗ್ಲಿಲ್ಲ, ಬಯಾಲಜಿ ಟೀಚರಿಗೆ.

ಸಿಸ್ಟರ್ ಸೂಜಿ ತೆಗೆದು ಹತ್ತಿ ಒತ್ತಿದ್ದಷ್ಟೇ, ಅವಳು ಕುರ್ಚಿಯಿಂದ ಜಾರಿ ಬಿದ್ದಳು. ಅದನ್ನು ನೋಡಿ ಹಿಂದಿನ ಮೂರು ಮಂದಿಗೂ ತಲೆ ತಿರುಗ್ಲಿಕ್ಕೆ ಶುರು. ಆ ವಯಸ್ಸಲ್ಲಿ ಇದು ಆಗ್ತದೆ, ಹೆದರಿಕೆಗೆ ಬಿಪಿ ಒಮ್ಮೆ ಕೆಳಗೆ ಹೋಗ್ತದೆ, ಮಲಗಿಸಿ ಕಾಲು ಎತ್ತಿ ಹಿಡಿದ್ರೆ ಸರಿ ಆಗ್ತದೆ, ಅದಕ್ಕೆ ಮದ್ದಿನ ಒಳಗೆ ಇರುವುದು ಕಾರಣ ಅಲ್ಲ. ಆದ್ರೆ ಅರ್ಧ ಗಂಟೆಯಲ್ಲಿ ಹೊರಗೆ ಸುದ್ದಿ ಹೋದದ್ದು ನಾಲ್ಕು ಮಕ್ಕಳಿಗೆ ಸೀರಿಯಸ್ ಅಂತ. ಕೇಳಿದ್ರೆ ಅವಳು ಬೆಳಿಗ್ಗೆಯಿಂದ ಎಂತದೂ ತಿಂದಿರ್ಲಿಲ್ಲ.

ಮರುದಿನದಿಂದ ನಾನು ಪಾಠ ಬಿಟ್ಟೆ. ಹೆಸರು ಹಾಕದೆ ಚೀಟಿಯಲ್ಲಿ ಪ್ರಶ್ನೆ ಬರೀರಿ ಅಂದೆ. ನನ್ನ ಹತ್ರ ಯಾರಾದ್ರೂ ಒಮ್ಮೆ ಇದನ್ನು ಕೇಳ್ಬೇಕಿತ್ತು, ಮಕ್ಕಳು ಎಂತ ಕೇಳಿದ್ರು ಅಂತ. ದೊಡ್ಡವರಿಗೆ ಹಾಕುವ ಅರ್ಧ ಎಂಎಲ್ಲೇ ನಮಗೂ ಯಾಕೆ ಅಂತ ಕೇಳಿದ್ರು. ನಮಗೆ ಕೋವ್ಯಾಕ್ಸಿನ್ ಮಾತ್ರ ಯಾಕೆ, ಕೋವಿಶೀಲ್ಡ್ ಯಾಕಿಲ್ಲ. ಕೋವ್ಯಾಕ್ಸಿನ್ ಒಳಗಿನ ಸತ್ತ ವೈರಸ್ಸಿಂದ ದೇಹ ಎಂತ ಕಲೀತದೆ. ಎರಡನೇ ಡೋಸಿಗೆ 28 ದಿನ ಯಾಕೆ. ನಾನು ಹಾಕಿಸಿಕೊಂಡ್ರೆ ಮನೆಯಲ್ಲಿ ಡಯಾಲಿಸಿಸ್‌ನಲ್ಲಿರುವ ಅಜ್ಜಿಗೆ ನನ್ನಿಂದ ಬರುದಿಲ್ವಾ. ಇದಕ್ಕೆ ನಾನು ಇದ್ದದ್ದನ್ನೇ ಹೇಳಿದೆ, ಬರ್ಲೇಬಾರ್ದು ಅಂತ ಇಲ್ಲ, ನಿನಗೆ ಜೋರಾಗುವುದು ಕಡಿಮೆ, ಮಾಸ್ಕ್ ಬಿಡ್ಬೇಡ ಅಂತ. ಆ ಚೀಟಿ ಬರೆದವ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಥ ಪ್ರಶ್ನೆ ಕೇಳುವವರನ್ನು "ಒಪ್ಪಿಸ್ಲಿಕ್ಕೆ" ಎಂತ ಉಂಟು?

2025ರ ಜುಲೈಯಲ್ಲಿ ಹಾಸನದಲ್ಲಿ ಯುವಕರು ಹೃದಯಾಘಾತಕ್ಕೆ ಸತ್ತ ಸುದ್ದಿ ಬಂದು, ಲಸಿಕೆಯೇ ಕಾರಣ ಅಂತ ಮಾತು ಎದ್ದ ಮೇಲೆ ಪ್ರಶ್ನೆಯ ಧಾಟಿ ಬದಲಾಗಿದೆ. "ಅವತ್ತು ನೀವೇ ನಿಂತು ಹಾಕಿಸಿದ್ದಲ್ವಾ?" ಹೌದು, ನಾನೇ. ಕೇಳುವ ಮೊದಲು ಇಷ್ಟು ತಿಳ್ಕೊಳ್ಳಿ. 2024ರಲ್ಲಿ ಅಸ್ಟ್ರಾಜೆನೆಕಾ ಕಂಪೆನಿ ಇಂಗ್ಲೆಂಡಿನ ಕೋರ್ಟಲ್ಲಿ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಅಂತ ಒಪ್ಪಿಕೊಂಡದ್ದು ಇಲ್ಲಿ ಕೋವಿಶೀಲ್ಡ್ ಅಂತ ಬಂದ ಲಸಿಕೆಯ ಬಗ್ಗೆ. ನಮ್ಮ ಮಕ್ಕಳಿಗೆ ಹಾಕಿದ್ದು ಅದಲ್ಲ. ಯುವಕರ ಹಠಾತ್ ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಅಧ್ಯಯನ ಹೇಳಿದೆ, ಅದು 18ರಿಂದ 45 ವರ್ಷದವರ ಮೇಲೆ ಮಾಡಿದ್ದು, ಅದನ್ನೂ ನಾನು ಮುಚ್ಚಿಡುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ಮಕ್ಕಳಿಗೆ ಈಗ ಇಪ್ಪತ್ತರ ಆಸುಪಾಸು, ಎದೆ ಸ್ವಲ್ಪ ಹಿಡಿದ ಹಾಗಾದ್ರೆ ರಾತ್ರಿ ನನಗೆ ಮೆಸೇಜ್ ಮಾಡ್ತಾರೆ. ನೀವು ಊಟದ ಪಂಕ್ತಿಯಲ್ಲಿ ಸುಮ್ಮನೆ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ತದೆ ಅಂತ ನನಗೆ ಗೊತ್ತಾಗುವುದು ಹಾಗೆ.

ಬಿದ್ದ ಹುಡುಗಿ ಎರಡನೇ ಡೋಸಿಗೆ ಬರುದಿಲ್ಲ ಅಂತಲೇ ಎಲ್ಲರೂ ಹೇಳಿದ್ರು. ಅದಕ್ಕೆ ಮೊದಲೇ ನಾನು ಅವಳನ್ನು ಕರೆದು, ಆ ದಿನ ಉತ್ತರ ಕೊಡದ್ದು ನನ್ನ ತಪ್ಪು ಅಂತ ಹೇಳಿದ್ದೆ, ಅವಳು ಎಂತದೂ ಮಾತಾಡಿರ್ಲಿಲ್ಲ. 28 ದಿನ ಕಳೆದು ಲಿಸ್ಟ್ ಹಿಡ್ಕೊಂಡು ಹಾಲಿಗೆ ಹೋದ್ರೆ ಬೇರೆ ಸೆಕ್ಷನಿನ ಇಬ್ಬರು ಹುಡುಗಿಯರನ್ನು ಆಚೆ ಈಚೆ ಕೂರಿಸಿಕೊಂಡು ಅವಳೇ ಡೇಟಿನ ವಿಷಯ ಹೇಳ್ತಾ ಇದ್ದಳು, ಸಣ್ಣ ಸ್ವರದಲ್ಲಿ ಅಲ್ಲ. ನನ್ನನ್ನು ನೋಡಿ, "ಮಿಸ್, ಆರು ಇಡ್ಲಿ ತಿಂದು ಬಂದಿದ್ದೇನೆ" ಅಂದಳು.