ಪಟ್ಟು ಹಾಕುವವರಿಗಿಂತ ಹಾಕಿಸಿಕೊಳ್ಳುವವರಿಗೆ ಕಲಿಸುವುದೇ ಜಾಸ್ತಿ

ಬೆಂಗಳೂರಿನ ಒಂದು ಜಿಮ್‌ನಲ್ಲಿ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್), ಅಂದರೆ ಗುದ್ದು, ಒದೆ, ಕುಸ್ತಿ ಪಟ್ಟು ಎಲ್ಲ ಸೇರಿದ ಕಾದಾಟದ ಆಟ ಕಲಿಸುವುದು ನನ್ನ ಕೆಲಸ. ಸಂಜೆ ಬ್ಯಾಚ್‌ಗೆ ಬರುವವರಲ್ಲಿ ಹೆಚ್ಚಿನವರು ಆಫೀಸ್ ಮುಗಿಸಿ, ಲ್ಯಾಪ್‌ಟಾಪ್ ಬ್ಯಾಗ್ ಸಮೇತ ಓಡಿ ಬರುತ್ತಾರೆ. ಉಳಿದವರು ಕಾಲೇಜು ಹುಡುಗ ಹುಡುಗಿಯರು. ಎಲ್ಲರ ಫೋನಿನಲ್ಲೂ ಒಂದು ರೀಲ್ ಇರುತ್ತದೆ. ಹಾರಿ ಹೋಗಿ ಕೈ ಮುರಿಯುವ ಪಟ್ಟೋ, ತಿರುಗಿ ಒದೆಯುವ ಕಿಕ್ಕೋ. "ಕೋಚ್, ಇದನ್ನ ಯಾವಾಗ ಹೇಳ್ಕೊಡ್ತೀರಾ?" ಅಂತ ಕೇಳುತ್ತಾರೆ.

ನಿಜ ಹೇಳಬೇಕೆಂದರೆ ಪಟ್ಟು ತೋರಿಸುವುದು ನನ್ನ ಕೆಲಸದಲ್ಲಿ ಸುಲಭದ ಭಾಗ. ಸ್ವಲ್ಪ ಹೊತ್ತು ತೋರಿಸಿದರೆ ಮುಗಿಯಿತು. ಆಮೇಲೆ ಇಬ್ಬಿಬ್ಬರು ಜೋಡಿಯಾಗುತ್ತಾರೆ. ಒಬ್ಬರು ಮಾಡುತ್ತಾರೆ, ಇನ್ನೊಬ್ಬರು ಮಾಡಿಸಿಕೊಳ್ಳುತ್ತಾರೆ. ಅಂದರೆ ಫೀಸು ಕಟ್ಟಿದ ಪ್ರತಿಯೊಬ್ಬರೂ ಅರ್ಧ ಹೊತ್ತು ಬೇರೆಯವರ ಪಾರ್ಟ್ನರ್ ಆಗಿಯೇ ಕಳೆಯುತ್ತಾರೆ. ಆ ಅರ್ಧ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಪಟ್ಟನ್ನು ಕಲಿಸುವುದು ಕೋಚ್ ಒಬ್ಬನೇ ಅಲ್ಲ, ಎದುರಿಗೆ ನಿಂತ ಪಾರ್ಟ್ನರ್ ಕೂಡ ಕಲಿಸುತ್ತಾನೆ. ಆದ್ದರಿಂದ ಮೊದಲು ತಯಾರಾಗಬೇಕಾದವನು ಅವನು.

ಡಬಲ್ ಲೆಗ್ ತೆಗೆದುಕೊಳ್ಳಿ. ಎದುರಾಳಿಯ ಎರಡೂ ಕಾಲು ಹಿಡಿದು ಕೆಡವುವ ಪಟ್ಟು ಅದು. ಮೊಣಕಾಲು ಬಗ್ಗಿಸಿ ಇಳಿಯಬೇಕು, ಬೆನ್ನು ಬಗ್ಗಿಸಬಾರದು. ಮುಂದಿನ ಹೆಜ್ಜೆ ಅವನ ಎರಡು ಕಾಲಿನ ನಡುವೆ ಆಳವಾಗಿ ಹೋಗಬೇಕು. ತಲೆ ಅವನ ಪಕ್ಕೆಗೆ ಒತ್ತಿರಬೇಕು, ನೋಟ ಮೇಲಿರಬೇಕು. ಈಗ ಪಾರ್ಟ್ನರ್ ಗೋಣಿಚೀಲದ ಹಾಗೆ ನಿಂತ ಅಂದುಕೊಳ್ಳಿ. ಹಿಡಿಯುವವನು ತಲೆ ತಗ್ಗಿಸಿ, ಸೊಂಟ ಬಗ್ಗಿಸಿ, ಹೇಗೆ ಬಂದರೂ ಇವನು ಬಿದ್ದುಬಿಡುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಬೀಳುತ್ತಾನೆ, ಪಾಪ. ಆದರೆ ಹಿಡಿದವನಿಗೆ ತಪ್ಪು ವಿಧಾನವೇ ಅಭ್ಯಾಸವಾಗುತ್ತದೆ. ಮೊದಲ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟ) ಯಾರೋ ಆ ತಗ್ಗಿದ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ಗಿಲೊಟಿನ್ ಎಂಬ ಕುತ್ತಿಗೆ ಹಿಸುಕುವ ಪಟ್ಟು ಹಾಕುತ್ತಾರೆ. ಅಲ್ಲಿಗೆ ಆಟ ಮುಗಿಯಿತು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದು ಜಾತಿ ಇದೆ. ನಾನು ಈಗ ತಾನೇ ಡಬಲ್ ಲೆಗ್ ತೋರಿಸಿದ್ದೇನೆ, ಹಾಗಾಗಿ ಅದೇ ಬರುತ್ತದೆ ಎಂದು ಇವರಿಗೆ ಗೊತ್ತು. ಎದುರಿನವನು ಕದಲುವ ಮೊದಲೇ ಸೊಂಟ ಹಿಂದಕ್ಕೆ ಎಸೆದು ಸ್ಪ್ರಾಲ್ ಮಾಡುತ್ತಾರೆ. ನಗು ಬೇರೆ. ಇದು ಡಿಫೆನ್ಸ್ ಅಲ್ಲವೇ ಅಲ್ಲ, ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪರೀಕ್ಷೆಗೆ ಕೂರುವುದು. ಆ ಕಡೆಯ ಹುಡುಗಿಯೋ ಹುಡುಗನೋ ಒಂದು ವಾರ ಹೀಗೆ ಒದ್ದಾಡಿದರೆ "ನನ್ನ ಕೈಲಿ ಆಗಲ್ಲ ಬಿಡಿ ಸರ್" ಅನ್ನುತ್ತಾರೆ. ಕೆಲವರು ಬರುವುದನ್ನೇ ಬಿಡುತ್ತಾರೆ.

"30 ಪರ್ಸೆಂಟ್ ವಿರೋಧ ಕೊಡಿ" ಎಂದು ಹೇಳುವ ರೂಢಿ ತುಂಬಾ ಕಡೆ ಇದೆ. ನಾನು ಅದನ್ನು ಬಳಸುವುದಿಲ್ಲ. 85 ಕೆಜಿ ಗಂಡಸಿನ 30 ಪರ್ಸೆಂಟ್ ಬೇರೆ, 55 ಕೆಜಿ ಹುಡುಗಿಯದು ಬೇರೆ. ಇನ್ನು ಯಾರಿಗಾದರೂ ಸ್ವಲ್ಪ ಗಾಬರಿಯಾದರೆ ಲೆಕ್ಕವೆಲ್ಲ ತಲೆಕೆಳಗು. ಅದರ ಬದಲು ಪಾರ್ಟ್ನರ್‌ಗೂ ಒಂದು ಕೆಲಸ ಕೊಡುತ್ತೇನೆ. ಮೊದಲ ಸುತ್ತಿನಲ್ಲಿ ಸರಿಯಾದ ನಿಲುವಿನಲ್ಲಿ ನಿಲ್ಲಿ, ಸರಿಯಾದ ತಳ್ಳು ಬಂದರೆ ಮಾತ್ರ ಬೀಳಿ. ಎದುರಿನವರ ತಲೆ ತಗ್ಗಿದ್ದರೆ ಕುತ್ತಿಗೆಯ ಮೇಲೆ ಕೈ ಇಡಿ, ಹಿಸುಕಬೇಡಿ. ಆ ಕೈ ತಾಗಿದ್ದೇ ಅವರಿಗೆ ಉತ್ತರ ಸಿಗುತ್ತದೆ, ನಾನು ದೂರದಿಂದ ಕಿರುಚುವ ಅಗತ್ಯವಿಲ್ಲ. ಎರಡನೇ ಸುತ್ತಿನಲ್ಲಿ ಸ್ಪ್ರಾಲ್ ಮಾಡಬಹುದು, ಆದರೆ ಕಾಲಿಗೆ ಕೈ ತಾಗಿದ ಮೇಲೆ ಮಾತ್ರ. ಮೂರನೆಯದರಲ್ಲಿ ಪಾರ್ಟ್ನರ್ ಮೆತ್ತಗೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಕೂಡ ಬಿಡಬಹುದು. ಬರೀ ಕುಸ್ತಿಯಾಗಿದ್ದದ್ದು ಎಂಎಂಎ ಆಗುವುದು ಅಲ್ಲೇ. ಮುಖದ ಮುಂದೆ ಕೈ ಬರುತ್ತಿರುವಾಗ ಇಳಿಯುವ ಹೊತ್ತು ಹುಡುಕುವುದು ಬೇರೆಯೇ ವಿದ್ಯೆ.

ಗುದ್ದು ಅಭ್ಯಾಸ ಮಾಡಿಸಲು ಕೈಗೆ ಪ್ಯಾಡ್ ಹಿಡಿಯುವುದರಲ್ಲೂ ಇದೇ ಕಥೆ. ಹೊಸಬರು ಕೈ ಉದ್ದಕ್ಕೆ ಚಾಚಿ, ಪ್ಯಾಡನ್ನು ಮುಖದಿಂದ ಮಾರು ದೂರ ಇಟ್ಟು ಹಿಡಿಯುತ್ತಾರೆ. ಗುದ್ದುವವನಿಗೆ ಗಾಳಿಯಲ್ಲಿರುವ ಜಾಗ ಅಭ್ಯಾಸವಾಗುತ್ತದೆ, ಮನುಷ್ಯನ ಗಲ್ಲ ಅಲ್ಲಿರುವುದಿಲ್ಲ. ಹಿಡಿದವನ ಭುಜಕ್ಕೂ ನೋವು. ಪ್ಯಾಡ್ ಮುಖದ ಹತ್ತಿರ ಇರಲಿ, ಗುದ್ದು ಬಂದಾಗ ಸಣ್ಣಗೆ ಎದುರು ಒತ್ತಲಿ. ಜ್ಯಾಬ್ ಹೊಡೆದು ಕೈ ಗಲ್ಲಕ್ಕೆ ವಾಪಸ್ ತರದಿದ್ದರೆ ಪ್ಯಾಡಿನಿಂದಲೇ ಕೆನ್ನೆಗೆ ಒಂದು ತಟ್ಟು. "ಕೈ ಮೇಲೆ, ಕೈ ಮೇಲೆ" ಎಂದು ನಾನು ನೂರು ಸಲ ಹೇಳಿದರೂ ಆಗದ ಕೆಲಸ ಆ ತಟ್ಟಿನಿಂದ ಆಗುತ್ತದೆ.

ದಾವಣಗೆರೆ ಕಡೆಯ ಒಬ್ಬ ಪೈಲ್ವಾನರು ಕೆಲವು ತಿಂಗಳು ಬರುತ್ತಿದ್ದರು. ಗರಡಿಮನೆಯಲ್ಲಿ ಬೆಳೆದವರು. ಅಷ್ಟು ಒಳ್ಳೆಯ ಪಾರ್ಟ್ನರ್ ನನ್ನ ಬ್ಯಾಚಿನಲ್ಲಿ ಬೇರೆ ಯಾರೂ ಇರಲಿಲ್ಲ. ಚಿಕ್ಕ ಹುಡುಗರ ಜೊತೆ ಆಡುವಾಗ ಅವರ ಹಿಡಿತಕ್ಕೆ ತಕ್ಕಷ್ಟೇ ಭಾರ ಕೊಡುತ್ತಿದ್ದರು. ತಪ್ಪಾದರೆ ಕದಲುತ್ತಿರಲಿಲ್ಲ, ಸರಿಯಾದರೆ ಬೀಳುತ್ತಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ, ಮಣ್ಣಿನಲ್ಲಿ ಬಂದದ್ದು.

ಅವರಿಗೇ ಕಷ್ಟವಾದದ್ದು ಬೆನ್ನು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ಹಾಗಾಗಿ ಬಿದ್ದ ತಕ್ಷಣ ಅವರು ಹೊಟ್ಟೆ ಮೇಲೆ ಮಗುಚಿಕೊಳ್ಳುತ್ತಿದ್ದರು. ಎಂಎಂಎಯಲ್ಲಿ ಎದುರಾಳಿಗೆ ಬೆನ್ನು ಕೊಟ್ಟರೆ ಹಿಂದಿನಿಂದ ಕುತ್ತಿಗೆಗೆ ಕೈ ಬರುತ್ತದೆ. ರಿಯರ್ ನೇಕೆಡ್ ಚೋಕ್. ಸರಿಯಾಗಿ ಬಿದ್ದರೆ ಅದು ಉಸಿರುಗೊಳವೆಯನ್ನು ಒತ್ತುವುದಿಲ್ಲ, ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಒತ್ತುತ್ತದೆ. ಹತ್ತು ಸೆಕೆಂಡ್ ಆಸುಪಾಸಿನಲ್ಲಿ ಪ್ರಜ್ಞೆ ಹೋಗಬಹುದು. ಬೆನ್ನ ಮೇಲೆ ಮಲಗಿ, ಕಾಲುಗಳ ನಡುವೆ ಎದುರಾಳಿಯನ್ನು ಹಿಡಿದಿಡುವ ಗಾರ್ಡ್ ತೋರಿಸಿದಾಗ ಅವರು ನಕ್ಕಿದ್ದೇ ನಕ್ಕಿದ್ದು. "ಏನ್ ಸಾರ್ ಇದು, ಮಲ್ಕೊಂಡೋನೇ ಗೆಲ್ತಾನೆ ಅಂತೀರಲ್ಲ!" 1993ರಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಎಂಬ ಕಾದಾಟದ ಪಂದ್ಯಾವಳಿಯಲ್ಲಿ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದು ಹೇಳಿದೆ. ಮೂವರೂ ಅವರಿಗಿಂತ ಭಾರದವರು, ಗೆಲ್ಲಿಸಿದ್ದು ನೆಲದ ಮೇಲೆ ಹಿಡಿದು ಸೋಲಿಸುವ ಜೂಜಿಟ್ಸು ವಿದ್ಯೆ. ಪೈಲ್ವಾನರು ಅಷ್ಟಕ್ಕೆ ಒಪ್ಪಲಿಲ್ಲ. ಒಪ್ಪಿಸಿದ್ದು 60 ಕೆಜಿಯ ಒಬ್ಬ ಕಾಲೇಜು ಹುಡುಗ. ಸೈಡ್ ಕಂಟ್ರೋಲ್‌ನಿಂದ (ಹುಡುಗ ಪಕ್ಕದಿಂದ ಇವರ ಎದೆ ಮೇಲೆ ಒತ್ತಿ ಹಿಡಿದಿರುವಲ್ಲಿಂದ) ಶುರು, ಎರಡು ನಿಮಿಷ, ಹೊಟ್ಟೆ ಮೇಲೆ ತಿರುಗುವಂತಿಲ್ಲ ಎಂಬ ನಿಯಮ ಹಾಕಿ ಅವನ ಜೊತೆ ಬಿಟ್ಟೆ. ಸೊಂಟ ಜಾರಿಸಿ, ಮೊಣಕಾಲು ಒಳಗೆ ತೂರಿಸಿ ಹೊರಬರುವುದನ್ನು ಅವರು ಆ ಹುಡುಗನಿಂದಲೇ ಕಲಿತರು.

ಟ್ಯಾಪ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಸೋಲೊಪ್ಪಿಕೊಳ್ಳಲು ಕೈಯಿಂದ ತಟ್ಟಬೇಕು, ಕೈ ಸಿಕ್ಕಿಕೊಂಡಿದ್ದರೆ ಕಾಲಿಂದ, ಅದೂ ಆಗದಿದ್ದರೆ ಬಾಯಲ್ಲಿ ಹೇಳಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಹಿಡಿದವನ ಜವಾಬ್ದಾರಿ ಅದಕ್ಕಿಂತ ದೊಡ್ಡದು. ಆರ್ಮ್‌ಬಾರ್‌ನಲ್ಲಿ (ತೋಳು ನೇರ ಮಾಡಿಸಿ ಮೊಣಕೈ ಒತ್ತುವ ಪಟ್ಟು) ಎದುರಿನವನ ಮೊಣಕೈ ನೇರವಾದ ಮೇಲೆ ಸೊಂಟ ಎತ್ತುವುದು ನಿಧಾನವಾಗಿರಬೇಕು, ತಟ್ಟಲು ಸಮಯ ಸಿಗುವಷ್ಟು. ಹೀಲ್ ಹುಕ್ ಹೊಸಬರಿಗೆ ಹೇಳಿಕೊಡುವುದೇ ಇಲ್ಲ. ಹಿಮ್ಮಡಿ ತಿರುಚಿದರೆ ಮೊಣಕಾಲಿನ ಲಿಗಮೆಂಟ್ ಹೋಗುತ್ತದೆ, ನೋವು ಗೊತ್ತಾಗುವಷ್ಟರಲ್ಲಿ ಹರಿದಿರಬಹುದು. ದೊಡ್ಡ ಜೂಜಿಟ್ಸು ಸಂಸ್ಥೆಯಾದ ಐಬಿಜೆಜೆಎಫ್ ಕೂಡ ಇದಕ್ಕೆ ಅವಕಾಶ ಕೊಟ್ಟದ್ದು 2021ರಲ್ಲಿ, ಅದೂ ನೋ-ಗಿ (ಜೂಜಿಟ್ಸು ಅಂಗಿ ಇಲ್ಲದೆ ಆಡುವ) ವಿಭಾಗದ ವಯಸ್ಕ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ನವರಿಗೆ. ರೀಲ್ ನೋಡಿ ಬಂದವರು ಇಲ್ಲಿ ಸ್ವಲ್ಪ ಮುಖ ಸಣ್ಣ ಮಾಡುತ್ತಾರೆ. ಮಾಡಲಿ.

ತಲೆಗೆ ಬೀಳುವ ಏಟಿನ ಬಗ್ಗೆಯೂ ಹಾಗೆಯೇ. ಪಂದ್ಯದ ಗ್ಲೌಸ್ ಸಾಮಾನ್ಯವಾಗಿ 4 ಔನ್ಸ್, ಅಂದರೆ ಸುಮಾರು 113 ಗ್ರಾಂ. ಅದನ್ನು ಹಾಕಿಕೊಂಡು ಕ್ಲಾಸಿನಲ್ಲಿ ಹೊಡೆದಾಡುವ ಅಗತ್ಯ ಇಲ್ಲ. ನಿಂತು ಸ್ಪಾರಿಂಗ್ ಮಾಡುವಾಗ ನಾವು 16 ಔನ್ಸ್ ಹಾಕಿಸುತ್ತೇವೆ. ದಪ್ಪ ಗ್ಲೌಸ್ ಇದೆ ಎಂದು ಜೋರಾಗಿ ಹೊಡೆಯುವವರೂ ಇದ್ದಾರೆ. ಚರ್ಮ ಸೀಳದಿರಬಹುದು, ಒಳಗೆ ಮೆದುಳು ಅಲುಗುವುದು ನಿಲ್ಲುವುದಿಲ್ಲ. ತಲೆ ಸುತ್ತು, ವಾಂತಿ ಬರುವ ಹಾಗೆ ಅನ್ನಿಸಿದರೆ ಅವತ್ತಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಡಾಕ್ಟರ್ ಒಪ್ಪುವವರೆಗೆ ಸ್ಪಾರಿಂಗ್ ಇಲ್ಲ.

ಇನ್ನು ಉಗುರು, ಬೆವರು, ಒಗೆಯದ ಟೀ ಶರ್ಟ್. ಮ್ಯಾಟ್ ಮೇಲೆ ಒಬ್ಬರಿಗೆ ಹುಳುಕಡ್ಡಿ ಬಂದರೆ ಬ್ಯಾಚಿನಲ್ಲಿ ಹರಡಲು ಹೊತ್ತು ಬೇಕಿಲ್ಲ. ಮೈಮೇಲೆ ದುಂಡಗೆ ಕೆಂಪಗಾಗಿದ್ದರೆ ವಾಸಿಯಾಗುವವರೆಗೆ ಬರಬೇಡಿ ಎಂದು ಮುಜುಗರವಿಲ್ಲದೆ ಹೇಳುತ್ತೇನೆ.

ಸಹಾಯಕ್ಕೆ ಒಬ್ಬ ಸೀನಿಯರ್ ಬೇಕಾದಾಗ ನಾನು ಯಾರು ಜಾಸ್ತಿ ಗೆಲ್ಲುತ್ತಾರೆ ಎಂದು ನೋಡುವುದಿಲ್ಲ. "ಜೋಡಿ ಮಾಡ್ಕೊಳ್ಳಿ" ಎಂದಾಗ ಎಲ್ಲರೂ ಯಾರ ಕಡೆ ಓಡುತ್ತಾರೆ ಎಂದು ನೋಡುತ್ತೇನೆ. ನೀವು ಎಲ್ಲಾದರೂ ಟ್ರಯಲ್ ಕ್ಲಾಸಿಗೆ ಹೋದರೆ ಗೋಡೆಯ ಮೇಲಿನ ಮೆಡಲು, ಫೋಟೋಗಳನ್ನು ಆಮೇಲೆ ನೋಡಿ. ಅಲ್ಲಿನ ಸೀನಿಯರ್‌ಗಳ ಜೊತೆ ಹೊಸಬರನ್ನು ಹಾಕಿದಾಗ ಏನಾಗುತ್ತದೆ ಅಂತ ಮೊದಲು ನೋಡಿ. ಹೊಸಬರು ಬರೀ ಬಿದ್ದು ಏಳುತ್ತಿದ್ದರೆ ಫೀಸು ಕಟ್ಟುವ ಮೊದಲು ಇನ್ನೊಂದು ಜಿಮ್ ನೋಡಿಕೊಂಡು ಬನ್ನಿ.